ಎರಡು ಮನೆಯ ಲ್ಯಾಪ್‌ಟಾಪ್

ಮೇ ೧೨

ಬೋರ್ಡ್ ಅಂಗಡಿಯ ಯಜಮಾನರಿಗೆ,

'ನೀವು' ಎಂದು ಬರೆಯುತ್ತಿರುವುದನ್ನು ಗೌರವ ಎಂದು ತಿಳಿಯಬೇಡಿ. ಅದು ದೂರ. ನಾವು ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಕಿರುಚಾಟ ಶುರುವಾಗುತ್ತದೆ; ನನ್ನ ಬೀದಿಯವರಿಗೂ ನಿಮ್ಮ ಬೀದಿಯವರಿಗೂ ಅದು ಬಾಯಿಪಾಠವಾಗಿದೆ. "ಇಬ್ರೂ ಬರೆದು ತಿಳಿಸಿ, ಬರೆಯೋವಾಗ ಕೋಪ ಸ್ವಲ್ಪ ನಿಧಾನ ಆಗುತ್ತೆ" ಎಂದರು ನಮ್ಮ ವಿಚ್ಛೇದನದ ವಕೀಲರಮ್ಮ. ನಾನು ಎಷ್ಟು ಬೇಗ ಬರೆಯುತ್ತೇನೆ ಎನ್ನುವುದು ಅವರಿಗೆ ಗೊತ್ತಿಲ್ಲ. ಶನಿವಾರ ಮಗಳು ಮೆಣಸು ನಿಮ್ಮ ಮನೆಗೆ ಬರುವಾಗ ಅವಳ ಬ್ಯಾಗಿನಲ್ಲಿ ಈ ಕಾಗದ ಬರುತ್ತದೆ. ಮುಂದಿನ ಶನಿವಾರ ಅವಳು ನನ್ನ ಮನೆಗೆ ವಾಪಸ್ ಬರುವಾಗ ಉತ್ತರ ಬರಲಿ.

ವಿಷಯ ಲ್ಯಾಪ್‌ಟಾಪಿನದು. ಮಗಳಿಗೆ ಕಟ್ಟಡದ ನಕ್ಷೆ ಬಿಡಿಸುವ ಕೋರ್ಸಿನಲ್ಲಿ ಸೀಟು ಸಿಕ್ಕಿದ್ದನ್ನು ನೀವು ಅಂಗಡಿ ಮುಂದೆ ಆಳೆತ್ತರದ ಬೋರ್ಡ್ ಮಾಡಿ ನಿಲ್ಲಿಸಿದ್ದೀರಿ. ನಾನು ಬಸ್ಸಿನಿಂದಲೇ ಓದಿದೆ. ಜುಲೈಗೆ ಕ್ಲಾಸು. ಬೇಕಾದದ್ದನ್ನು ಆರಿಸಿ ಕಟ್ಟಿಸಿಕೊಳ್ಳುವ ಕಂಪನಿಯೊಂದರ ಪುಟವನ್ನು ಅವಳೇ ತೆಗೆದು ತೋರಿಸಿದಳು. ಪರದೆಗೆ ಮೂರು ಬಗೆ, ಗ್ರಾಫಿಕ್ಸಿಗೆ ಮೂರು ಬಗೆ, ಒಂದೊಂದನ್ನು ಒತ್ತಿದಾಗಲೂ ಬಲಗಡೆ ಬೆಲೆ ಮೇಲಕ್ಕೆ ಹಾರುತ್ತದೆ. ಕನ್ನಡಕದ ಅಂಗಡಿಯವಳಿಗೆ ಈ ಆಟ ಹೊಸದಲ್ಲ. ಫ್ರೇಮು ಅಗ್ಗ ಎಂದು ಕೂರಿಸಿ ಗ್ಲಾಸಿನಲ್ಲಿ ಎಳೆಯುವವರು ನಾವು.

ಕಾಲೇಜಿನ ಚೀಟಿಯನ್ನು ಜೊತೆಗಿಟ್ಟಿದ್ದೇನೆ, ಓದಿ ವಾಪಸ್ ಕಳಿಸಿ. ಅದರಲ್ಲಿರುವುದು ಕನಿಷ್ಠ. ಸಾಧಾರಣ ಪರದೆ ಸಾಕು, ಗ್ರಾಫಿಕ್ಸಿಗೆ ಬೇರೆ ಕಾರ್ಡು ಬೇಡ ಒಳಗಿರುವುದೇ ಸಾಕು, ದಿನಾ ಹೊತ್ತು ತರುವಂತಿದ್ದರೆ ಸಾಕು. ಈ 'ಸಾಕು' ಓದಿದರೆ ನನಗೆ ಮೈ ಉರಿಯುತ್ತದೆ. ಇನ್ನೊಬ್ಬರ ಅಂಗಡಿಯಲ್ಲಿ ಗ್ಲಾಸು ಒರೆಸುತ್ತಿದ್ದ ಕಾಲದಲ್ಲಿ ನನಗೆ ಎಷ್ಟು ಸಾಕು ಎಂದು ಬೇರೆಯವರೇ ಹೇಳುತ್ತಿದ್ದರು. ನನ್ನ ಮಗಳಿಗೆ ಅದು ಬೇಡ.

ಆದ್ದರಿಂದ ಪರದೆ ಎಲ್ಲಕ್ಕಿಂತ ಹೆಚ್ಚಿನ ರೆಸಲ್ಯೂಶನ್ನಿನದು, ಆ ಫೋರ್ ಕೆ. ಚುಕ್ಕಿ ಹೆಚ್ಚಿದ್ದಷ್ಟೂ ಗೆರೆ ನಯ, ಕಣ್ಣಿಗೆ ಆರಾಮ. ದಿನಾ ಎಷ್ಟು ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಾರೆ ಎನ್ನುವುದು ನಿಮಗೆ ಗೊತ್ತಿಲ್ಲ. ಗ್ರಾಫಿಕ್ಸ್ ಕಾರ್ಡು ಬೇಡವೇ ಬೇಡ. ಅದು ಬಂದೂಕು ಹಿಡಿದು ಓಡುವ ಆಟಗಳನ್ನು ಆಡುವವರಿಗೆ. ಅರ್ಧ ನನ್ನದು, ಅರ್ಧ ನಿಮ್ಮದು. ಆರ್ಡರು ನಮ್ಮ ಹಳೆಯ ಈಮೇಲಿನಲ್ಲೇ ಹಾಕಿ. ಮೆಣಸು ಹುಟ್ಟಿದ ವರ್ಷ ಮಾಡಿದ್ದು, ಪಾಸ್‌ವರ್ಡು ಇಬ್ಬರಿಗೂ ಗೊತ್ತು. ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ಉಳಿದಿರುವುದು ಅದೊಂದೇ.

ಇಂತಿ,
ಮೆಣಸಿನ ಅಮ್ಮ


ಮೇ ೧೯

ಡಿಗ್ರಿ ಇಲ್ಲದ ಕಣ್ಣಿನ ಡಾಕ್ಟರಮ್ಮನಿಗೆ,

ನಾನು 'ನೀನು' ಎಂದೇ ಬರೆಯುತ್ತೇನೆ. ಇಷ್ಟು ವರ್ಷದ ಅಭ್ಯಾಸ ವಕೀಲರಿಗೆ ಫೀಸು ಕಟ್ಟಿದ ಮಾತ್ರಕ್ಕೆ ಹೋಗುವುದಿಲ್ಲ.

ನೀನು ಪುಟ ನೋಡಿ ತೀರ್ಮಾನ ಮಾಡುವವಳು, ನಾನು ವಸ್ತು ನೋಡಿ ಮಾಡುವವನು. ದೊಡ್ಡ ರಸ್ತೆಯ ಶೋರೂಮಿಗೆ ಹೋಗಿ ಸಾಧಾರಣ ಪರದೆಯದೊಂದು, ನಿನ್ನ ಫೋರ್ ಕೆಯದೊಂದು ಅಕ್ಕಪಕ್ಕ ಇಡಿಸಿದೆ. ಎರಡರಲ್ಲೂ ಒಂದೇ ಚಿತ್ರ ಹಾಕಿಸಿದೆ. ನಮ್ಮ ಅಂಗಡಿಯಿಂದ ಬೋರ್ಡು ಹೊರಡುವ ಮುಂಚೆ ಹೇಗೆ ಪರೀಕ್ಷೆ ಮಾಡುತ್ತೇವೋ ಹಾಗೇ ಮಾಡಿದೆ. ಬಾಗಿಲ ತನಕ ಹಿಂದೆ ಹಿಂದೆ ಹೋಗಿ ನೋಡಿದೆ. ಸಾಲದೆಂದು ರಸ್ತೆ ದಾಟಿ ಎದುರುಗಡೆ ನಿಂತೂ ನೋಡಿದೆ. ಎರಡೂ ಒಂದೇ! ಕೂದಲೆಳೆಯ ವ್ಯತ್ಯಾಸವಿಲ್ಲ. ದೊಡ್ಡ ಬೋರ್ಡಿಗೆ ನಾನು ಯಾವಾಗಲೂ ಚುಕ್ಕಿ ಕಡಿಮೆಯೇ ಹಾಕುವುದು, ಇದುವರೆಗೆ ಯಾವ ಗಿರಾಕಿಯೂ ಏಣಿ ಹತ್ತಿ ಚುಕ್ಕಿ ಎಣಿಸಿಲ್ಲ. ಕಾಣದ ವಸ್ತುವಿಗೆ ದುಡ್ಡು ಕೊಡುವುದು ನಿನ್ನ ಅಂಗಡಿಯ ಗಿರಾಕಿಗಳ ಹಣೆಬರಹ, ನನ್ನದಲ್ಲ.

ಆದ್ದರಿಂದ ಪರದೆ ಸಾಧಾರಣದ್ದು, ಆದರೆ ದೊಡ್ಡದು, ಹದಿನೇಳು ಇಂಚು. ಗ್ರಾಫಿಕ್ಸ್ ಕಾರ್ಡು ಇರುವುದರಲ್ಲೇ ದೊಡ್ಡದು. ಮನೆ ಬಿಡಿಸಿ, ಅದಕ್ಕೆ ಗೋಡೆ, ಕಿಟಕಿ, ಬಿಸಿಲು, ನೆರಳು ಎಲ್ಲ ಕೊಟ್ಟು ಪರದೆಯ ಮೇಲೆ ಸುತ್ತ ತಿರುಗಿಸುತ್ತಾರಂತೆ. ಕಾರ್ಡಿಲ್ಲದಿದ್ದರೆ ಆ ಮನೆ ಬೆನ್ನುನೋವು ಬಂದವರ ಹಾಗೆ ನಿಂತು ನಿಂತು ತಿರುಗುತ್ತದೆ ಎಂದ ಸೇಲ್ಸ್‌ಮನ್. ಅಷ್ಟು ಹೊತ್ತು ಮಗು ಎದುರು ಕೂತು ಆಕಳಿಸಬೇಕೇ?

ಮುಂದಿನ ಕೋಣೆಯ ಕಿಟಕಿ ಪಕ್ಕ ಮೇಜು ಹಾಕಿಸಿದ್ದೇನೆ. ಬೋರ್ಡಿನ ಹಲಗೆಯದೇ, ಆನೆ ಕೂತರೂ ಅಲುಗುವುದಿಲ್ಲ. ಮೆಣಸು ನೋಡಿ "ಚೆನ್ನಾಗಿದೆ ಅಪ್ಪ" ಎಂದಳು.

ಕಾಲೇಜಿನ ಚೀಟಿ ಸಿಗುತ್ತಿಲ್ಲ. ಅದರ ಹಿಂದೆ ಔಷಧಿ ಅಂಗಡಿಯ ಬೋರ್ಡಿನ ಅಳತೆ ಬರೆದುಕೊಂಡಿದ್ದೆ, ಕೆಲಸದವನು ಅಳತೆ ಎಂದು ತೆಗೆದುಕೊಂಡು ಹೋದ. ಹೋದರೆ ಹೋಗಲಿ, ಕನಿಷ್ಠ ಎಂದು ನೀನೇ ಬರೆದಿದ್ದೀಯಲ್ಲ.

ಇಂತಿ,
ಮೆಣಸಿನ ಅಪ್ಪ


ಮೇ ೨೬

ರಸ್ತೆಯಾಚೆಯ ಮಹನೀಯರಿಗೆ,

ಆ ಶೋರೂಮಿನ ಸೇಲ್ಸ್‌ಮನ್ ನನ್ನ ಗಿರಾಕಿ. ಹೊಸ ಗ್ಲಾಸು ತೆಗೆದುಕೊಂಡು ಹೋಗಲು ಬಂದವರು ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. "ಅಮ್ಮಾ, ಒಬ್ರು ಬಂದಿದ್ರು. ಲ್ಯಾಪ್‌ಟಾಪನ್ನ ರಸ್ತೆ ಆಚೆ ನಿಂತು ನೋಡಿದ್ರು. ನಾನು, ಎಲ್ಲೋ ಹೊಂಚು ಹಾಕ್ತಿದ್ದಾರೆ, ರಾತ್ರಿ ಬೀಗ ಇನ್ನೊಂದು ಹಾಕಬೇಕು ಅಂದ್ಕೊಂಡೆ."

"ಕೈಯಲ್ಲಿ ಅಳತೆ ಟೇಪು ಇತ್ತಾ?" ಎಂದೆ.

"ಇತ್ತಮ್ಮಾ. ನಿಮಗೆ ಪರಿಚಯಾನಾ?"

"ನಮ್ಮವರೇ" ಎಂದುಬಿಟ್ಟೆ. ಆ ಮಾತು ಬಾಯಿಗೆ ಬಂದದ್ದಕ್ಕೆ ಇಡೀ ದಿನ ನನ್ನ ಮೇಲೆ ನನಗೇ ಸಿಟ್ಟು.

ಸ್ವಾಮೀ, ಮಗಳು ಲ್ಯಾಪ್‌ಟಾಪನ್ನು ಮೊಳದ ದೂರದಲ್ಲಿಟ್ಟುಕೊಂಡು ಕೂರುತ್ತಾಳೆ, ಕಂಬದ ಮೇಲೆ ನೇತುಹಾಕುವುದಿಲ್ಲ. ನಿಮಗೆ ಎಲ್ಲವೂ ದೂರದಿಂದ ಒಂದೇ. ನಾನು ಜ್ವರದಲ್ಲಿ ಮಲಗಿದ್ದೂ ಒಂದೇ, ಸುಮ್ಮನೆ ಮಲಗಿದ್ದೂ ಒಂದೇ. ಅದು ಹಳೆಯ ಕಥೆ, ಬಿಡಿ.

ಹೊಸ ಕಥೆಗೆ ಬರುತ್ತೇನೆ. ಹದಿನೇಳು ಇಂಚು, ಅದಕ್ಕೆ ದೊಡ್ಡ ಕಾರ್ಡು, ಆ ಕಾರ್ಡಿಗೆ ಇಟ್ಟಿಗೆಯಂಥ ಚಾರ್ಜರು. ನಾನೂ ಆ ಶೋರೂಮಿಗೆ ಹೋಗಿ ಮೂಗಿನ ಹತ್ತಿರ ಇಟ್ಟುಕೊಂಡು ನೋಡಿದೆ, ಆಮೇಲೆ ಎತ್ತಿ ತೋರಿಸಿ ಎಂದೆ. ಸೇಲ್ಸ್‌ಮನ್ ಎರಡೂ ಕೈ ಹಾಕಿದರು. ನನಗೆ ಆಗ ಅರ್ಥವಾಯಿತು. ನೀವು ಕೊಳ್ಳುತ್ತಿರುವುದು ಲ್ಯಾಪ್‌ಟಾಪ್ ಅಲ್ಲ, ಗೂಟ. ಅದನ್ನು ನಿಮ್ಮ ಕಿಟಕಿ ಪಕ್ಕ ಹೊಡೆದು ಮಗಳನ್ನು ಕಟ್ಟಿಹಾಕುವ ಹಂಚಿಕೆ. ಆಗಸ್ಟಿನಲ್ಲಿ ಅವಳಿಗೆ ಹದಿನೆಂಟು ತುಂಬುತ್ತದೆ. ಅಲ್ಲಿಯವರೆಗೆ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಆಮೇಲೆ ಯಾವ ಮನೆ ಎಂದು ಅವಳೇ ಹೇಳಬೇಕು. ಅಷ್ಟರೊಳಗೆ 'ಪಾಪ, ಇಷ್ಟು ಭಾರ ಹೇಗೆ ಹೊರ್ತೀಯ, ಇಲ್ಲೇ ಇದ್ದುಬಿಡು' ಎನ್ನಲು ಆನೆ ಕೂರುವ ಮೇಜು ಬೇರೆ! ಬೋರ್ಡಿನವರ ಬುದ್ಧಿ ಬೋರ್ಡಿನ ಹಾಗೇ, ರಸ್ತೆಯಾಚೆಯಿಂದಲೂ ಓದಬಹುದು.

ನನ್ನ ಅರ್ಧ ಈ ಗೂಟಕ್ಕೆ ಬರುವುದಿಲ್ಲ.

ಇಂತಿ,
ಹತ್ತಿರದಿಂದ ನೋಡುವವಳು


ಜೂನ್ ೨

ಹತ್ತಿರದಿಂದ ನೋಡುವವಳಿಗೆ,

ಗೂಟದ ಮಾತನ್ನು ಎತ್ತಿದವಳು ನೀನು, ಆದ್ದರಿಂದ ಲೆಕ್ಕ ಪೂರ್ತಿ ಮಾಡೋಣ.

ನಿನ್ನ ಫೋರ್ ಕೆ ಪರದೆ ಬ್ಯಾಟರಿಯನ್ನು ಗಟಗಟ ಕುಡಿಯುತ್ತದಂತೆ. ಅಂಥದ್ದನ್ನು ಇಟ್ಟುಕೊಂಡವರು ಪ್ಲಗ್ಗಿನ ಬುಡದಲ್ಲೇ ಬದುಕಬೇಕು ಎಂದ ಅದೇ ಸೇಲ್ಸ್‌ಮನ್. (ನನ್ನೆದುರು ನಿನ್ನನ್ನು ನೋಡಿ ನಗುತ್ತಾನೆ, ನಿನ್ನೆದುರು ನನ್ನನ್ನು. ಚೆನ್ನಾಗಿ ಬೆಳೆಯುತ್ತಾನೆ.) ನಿನ್ನ ಮನೆಯಲ್ಲಿ ಮೆಣಸಿನ ಮಂಚದ ತಲೆದೆಸೆಗೆ ಹೋದ ತಿಂಗಳು ಹೊಸ ಪ್ಲಗ್ಗು ಬಂದಿದೆ. ಪಕ್ಕದಲ್ಲಿ ಬಗ್ಗುವ ದೀಪ ಬಂದಿದೆ. ತಿರುಗುವ ಕುರ್ಚಿ ಬಂದಿದೆ. ಅವಳು ದೂರು ಹೇಳಲಿಲ್ಲ, ಸುಮ್ಮನೆ ಮಾತಿಗೆ ಹೇಳಿದಳು. ನಾನು ಮಾಡಿದರೆ ಗೂಟ, ನೀನು ಮಾಡಿದರೆ ಅಕ್ಕರೆ. ಈ ನ್ಯಾಯವನ್ನು ಯಾವ ಕನ್ನಡಕ ಹಾಕಿಕೊಂಡು ನೋಡಬೇಕು, ಹೇಳು, ಒಂದು ಜೊತೆ ಕೊಳ್ಳುತ್ತೇನೆ.

ಆರ್ಡರು ಹಾಕಿದ್ದೇನೆ. ಹದಿನೇಳು ಇಂಚು, ಸಾಧಾರಣ ಪರದೆ, ದೊಡ್ಡ ಕಾರ್ಡು. ನಿನ್ನ ಅರ್ಧ ನೀನೇ ಇಟ್ಟುಕೋ, ಒರೆಸಲು ಬಟ್ಟೆ ಕೊಳ್ಳಲು ಬೇಕಾಗುತ್ತದೆ.

ಇಂತಿ,
ಮೆಣಸಿನ ಅಪ್ಪ


ಜೂನ್ ೯

ಆ ಕೊನೆಯ ಸಾಲನ್ನು ಮರೆಯುವುದಿಲ್ಲ.

ಈಮೇಲು ತೆರೆದೆ. ಪಾಸ್‌ವರ್ಡು ಇನ್ನೂ 'ಮೆಣಸು'. ಕಟ್ಟುವ ಕೆಲಸ ಶುರುವಾಗುವ ತನಕ ಆರ್ಡರು ಬದಲಾಯಿಸಬಹುದು ಎಂದು ಅವರೇ ಬರೆದಿದ್ದಾರೆ. ಬದಲಾಯಿಸಿದೆ. ಪರದೆ ಫೋರ್ ಕೆ ಮಾಡಿದೆ. ಕಾರ್ಡು ಕಿತ್ತೆ. ಹೆಚ್ಚಾದದ್ದನ್ನು ನಾನೇ ಕಟ್ಟಿದೆ, ಒರೆಸುವ ಬಟ್ಟೆಯ ದುಡ್ಡಿನಲ್ಲಿ.

ಅಮ್ಮ


ಜೂನ್ ೧೬

ಕಾರ್ಡು ವಾಪಸ್ ಹಾಕಿದ್ದೇನೆ. ನಿನ್ನ ಪರದೆಯನ್ನೂ ಕೀಳಲು ಹೋದೆ. ಅಷ್ಟರಲ್ಲಿ 'ನಿಮ್ಮ ಲ್ಯಾಪ್‌ಟಾಪಿನ ಜೋಡಣೆ ಆರಂಭವಾಗಿದೆ, ಅಭಿನಂದನೆಗಳು' ಎಂದು ಬಂತು. ಅಭಿನಂದನೆಯಂತೆ.

ಕಂಪನಿಯಿಂದ ಒಬ್ಬಳು ಫೋನ್ ಮಾಡಿದ್ದಳು. "ಸಾರ್, ಈ ಆರ್ಡರ್ ಎಷ್ಟು ಜನ ಹಾಕ್ತಿದ್ದೀರಾ?"

"ಒಬ್ಬನೇ."

"ಮೇಡಂ ಕೂಡ ಹಾಗೇ ಅಂದ್ರು ಸಾರ್. ಒಬ್ಬಳೇ ಅಂದ್ರು."

ನೀನು ಸುಳ್ಳು ಹೇಳಿದ್ದೀಯ. ನಾನೂ ಹೇಳಿದೆ. ಆದರೆ ಮೊದಲು ಹೇಳಿದವಳು ನೀನು.

ಅಪ್ಪ


ಜೂನ್ ೩೦

ಅಮ್ಮಾವರಿಗೆ,

ಬಂತು. ಹದಿನೇಳು ಇಂಚು, ನಿನ್ನ ಪರದೆ, ನನ್ನ ಕಾರ್ಡು. ಇಬ್ಬರ ಹಟವೂ ಒಂದೇ ಡಬ್ಬಿಯಲ್ಲಿ. ತಂದವನು ಬಾಗಿಲಲ್ಲಿ ಇಳಿಸಿ ಸೊಂಟ ಹಿಡಿದುಕೊಂಡ.

ಮೇಜಿನ ಮೇಲಿಟ್ಟು ಶುರು ಮಾಡಿದೆವು. ಅದರೊಳಗಿನ ಫ್ಯಾನು ಓಡತೊಡಗಿತು, ನನ್ನ ಪ್ರಿಂಟಿಂಗ್ ಮಿಷನ್ ಕೂಡ ಇಷ್ಟು ಏದುಸಿರು ಬಿಡುವುದಿಲ್ಲ. ಅದಕ್ಕೆ ಕಾರಣ ನಿನ್ನ ಪರದೆ. ಅಷ್ಟು ಚುಕ್ಕಿಗಳನ್ನು ತುಂಬಿಸಿ ತುಂಬಿಸಿ ಪಾಪ ಕಾರ್ಡಿಗೆ ಜೀವ ಹೋಗುತ್ತಿದೆ. ಅದಾದರೂ ಇರಲಿ. ಕಾಲೇಜಿನವರು ಕೊಟ್ಟ ನಕ್ಷೆಯ ಸಾಫ್ಟ್‌ವೇರು ಹಳೆಯದು. ನಿನ್ನ ಮಹಾ ಪರದೆಯಲ್ಲಿ ಅದರ ಗುಂಡಿಗಳೆಲ್ಲ ಎಳ್ಳುಕಾಳು, ಅಕ್ಷರ ಇರುವೆ ಸಾಲು. ಹಿಗ್ಗಿಸಿದರೆ ಮಸುಕಾಗುತ್ತದೆ. ಕನ್ನಡಕದ ಅಂಗಡಿಯವಳ ಮಗಳು ಪರದೆಗೆ ಮೂಗು ತಾಗಿಸಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಾಳೆ. ಬಂದು ನೋಡು. ರಸ್ತೆಯಾಚೆ ನಿಂತು ನೋಡಿದರೂ ಕಾಣುತ್ತದೆ.

"ಹೇಗಿದೆ?" ಎಂದೆ. "ದೊಡ್ಡದಿದೆ ಅಪ್ಪ" ಎಂದಳು. ಅಷ್ಟೇ. ನಗಲಿಲ್ಲ. ಈ ಹುಡುಗಿ ಹೊಸ ರಬ್ಬರು ತಂದುಕೊಟ್ಟರೂ ಮೂಸಿ ನೋಡಿ ನಗುತ್ತಿದ್ದವಳು. ಅದನ್ನೂ ನಿನ್ನ ಲೆಕ್ಕಕ್ಕೇ ಬರೆದಿದ್ದೇನೆ.

ಸೋಮವಾರದಿಂದ ಕ್ಲಾಸು, ಆದ್ದರಿಂದ ಇವತ್ತು ಅವಳ ಜೊತೆ ಕಳಿಸುತ್ತಿದ್ದೇನೆ. ವಾರ ಮುಗಿದ ಮೇಲೆ ವಾಪಸ್ ಬರಬೇಕು. ಅದರ ಜಾಗ ನನ್ನ ಮೇಜು.

ಇಂತಿ,
ಮೆಣಸಿನ ಅಪ್ಪ


ಜುಲೈ ೭

ನಿಮಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲದಿದ್ದರೆ ಹಾಗೇ ಓದಿಕೊಳ್ಳಿ.

ಕಳೆದ ಶನಿವಾರ ಮಗಳು ನನ್ನ ಮನೆ ಮೆಟ್ಟಿಲು ಹತ್ತಿದಾಗ ಬ್ಯಾಗಿನ ಒಂದು ಪಟ್ಟಿ ಕಿತ್ತುಬಂದಿತ್ತು. ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಬಂದಿದ್ದಳು. ಒಳಗೆ ನಿಮ್ಮ ಯಂತ್ರ, ನಿಮ್ಮ ಇಟ್ಟಿಗೆ, ಅವಳ ಬಟ್ಟೆ, ಪುಸ್ತಕ. ರಾತ್ರಿ ನಾನೇ ಪಟ್ಟಿ ಹೊಲಿದೆ. ಬುಧವಾರ ಮತ್ತೆ ಕಿತ್ತಿತು. ಅವಳ ಭುಜದ ಮೇಲೆ ಕೆಂಪಗೆ ಬರೆ ಎದ್ದಿದೆ, ಬೆಲ್ಟಿನಲ್ಲಿ ಹೊಡೆದ ಹಾಗೆ.

ಕ್ಲಾಸಿನಲ್ಲಿ ಮಧ್ಯಾಹ್ನದ ಒಳಗೆ ಬ್ಯಾಟರಿ ಸತ್ತುಹೋಗುತ್ತದಂತೆ. ಹೌದು, ಪರದೆ ಕುಡಿಯುತ್ತದೆ. ನಿಮ್ಮ ಕಾರ್ಡು ಅದಕ್ಕಿಂತ ಹೆಚ್ಚು ಕುಡಿಯುತ್ತದೆ, ಅದನ್ನು ನೀವು ಬರೆಯಲಿಲ್ಲ. ಗೋಡೆಯ ಪ್ಲಗ್ಗಿನ ಪಕ್ಕ ನೆಲದ ಮೇಲೆ ಕೂತು ನಕ್ಷೆ ಬಿಡಿಸುತ್ತಾಳೆ. ಉಳಿದವರೆಲ್ಲ ಬೆಂಚಿನ ಮೇಲೆ. ಅವರು ಅವಳನ್ನು 'ಕರೆಂಟು' ಎಂದು ಕರೆಯುತ್ತಾರೆ. ಇದನ್ನು ಅವಳ ಗೆಳತಿ ಹೇಳಿದ್ದು. ಅವಳು ಒಂದು ಮಾತು ಹೇಳಲಿಲ್ಲ.

"ಯಾಕೇ ಹೇಳಲಿಲ್ಲ ನೀನು?" ಎಂದು ರೇಗಿದೆ.

"ಯಾವಾಗ ಹೇಳಲಿ ಅಮ್ಮಾ? ನೀವಿಬ್ರೂ ಬರೀತಾ ಇದ್ರಲ್ಲ" ಎಂದಳು. ಕೋಪವೇ ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಇದೆಲ್ಲ ಆ ಹದಿನೇಳು ಇಂಚಿನಿಂದ. ನಾನು ಹೇಳಿದ ಹಾಗೆ ತರಿಸಿದ್ದರೆ ಕಾರ್ಡಿನ ಭಾರ ಇರುತ್ತಿರಲಿಲ್ಲ. ನೀವು ಹೇಳಿದ ಹಾಗೆ ತರಿಸಿದ್ದರೆ ಅಕ್ಷರವಾದರೂ ಕಾಣುತ್ತಿತ್ತು ಎಂದು ನೀವು ಹೇಳುತ್ತೀರಿ. ಹೇಳಿ. ಹೇಳಿಕೊಳ್ಳಿ. ನಿಮ್ಮ ಗೂಟವನ್ನು ಇವತ್ತು ಅವಳ ಕೈಯಲ್ಲೇ ವಾಪಸ್ ಕಳಿಸುತ್ತಿದ್ದೇನೆ, ಈ ಕಾಗದವನ್ನೂ. ಮೇಜಿನ ಮೇಲಿಟ್ಟು ನೋಡುತ್ತಾ ಕೂತಿರಿ.

ಅಮ್ಮ


ಜುಲೈ ೧೪

ಇದು ಅತಿಯಾಯಿತು.

ಕಳೆದ ಶನಿವಾರ ಮೆಣಸು ಬಂದಾಗ ಬ್ಯಾಗಿನಿಂದ ನಿನ್ನ ಕಾಗದ ಹೊರಗೆ ಬಂತು, ಲ್ಯಾಪ್‌ಟಾಪ್ ಬರಲಿಲ್ಲ. 'ಕಳಿಸುತ್ತಿದ್ದೇನೆ' ಎಂದು ಬರೆದು ಇಟ್ಟುಕೊಂಡಿದ್ದೀಯ. ಮೆಣಸನ್ನು ಕೇಳಿದರೆ "ಇದೆ ಅಪ್ಪ, ಎಲ್ಲೂ ಹೋಗಿಲ್ಲ" ಎನ್ನುತ್ತಾಳೆ, ನಿನ್ನನ್ನು ಕಾಪಾಡಲು. ಒಂದು ವಾರದಿಂದ ಮೇಜು ಖಾಲಿ. ಅವಳು ದಿನಾ ಕ್ಲಾಸಿನಿಂದ ತಡವಾಗಿ ಬರುತ್ತಾಳೆ, ಹಗುರವಾಗಿ ಬರುತ್ತಾಳೆ, ಊಟ ಮಾಡಿ ಮಲಗುತ್ತಾಳೆ. ಸೋಮವಾರ ವಕೀಲರ ಹತ್ತಿರ ಹೋಗುತ್ತೇನೆ. ಕಳ್ಳತನಕ್ಕೂ ಒಂದು ಮಿತಿ ಬೇಡವೇ?

ಅಪ್ಪ


ಜುಲೈ ೧೭

ಅಮ್ಮ, ಅಪ್ಪ,

ಇದಕ್ಕೆ ಎರಡು ಪ್ರತಿ ಇವೆ. ಒಂದರಲ್ಲಿ ಅಮ್ಮ ಮೊದಲು, ಇನ್ನೊಂದರಲ್ಲಿ ಅಪ್ಪ ಮೊದಲು. ಬೇರೆ ಏನೂ ವ್ಯತ್ಯಾಸವಿಲ್ಲ. ಹೋಲಿಸಿ ನೋಡಲು ಹೋಗಬೇಡಿ.

ನಿಮ್ಮ ಕಾಗದಗಳನ್ನು ನಾನು ಓದಿಲ್ಲ. ಓದಬೇಕಾಗಿಯೂ ಇರಲಿಲ್ಲ. ಅಮ್ಮ ಲಕೋಟೆ ಒಳಗಿಟ್ಟು ಬ್ಯಾಗಿನ ಜಿಪ್ ಎಳೆಯುವ ರೀತಿ, ಅಪ್ಪ ಅದನ್ನು ಹರಿಯುವ ರೀತಿ, ಅಷ್ಟರಲ್ಲೇ ಎಲ್ಲ ಗೊತ್ತಾಗುತ್ತದೆ. ಅಪ್ಪ ಶನಿವಾರ ಕೊಟ್ಟ ಲಕೋಟೆಯನ್ನು ಅಮ್ಮ ನಿಂತುಕೊಂಡೇ ಓದಿ "ನಾನು ಕಳ್ಳಿಯಾ?" ಎಂದು ಗೋಡೆಯನ್ನು ಕೇಳಿದಳು. ಅಮ್ಮ ಕಳ್ಳಿಯಲ್ಲ ಅಪ್ಪ. ಅಪ್ಪ ಸುಳ್ಳು ಹೇಳುತ್ತಿಲ್ಲ ಅಮ್ಮ. ಲ್ಯಾಪ್‌ಟಾಪ್ ನಿಮ್ಮಿಬ್ಬರ ಹತ್ತಿರವೂ ಇಲ್ಲ.

ಆ ಶನಿವಾರ ಅಮ್ಮನ ಮನೆಯಿಂದ ಹೊರಟವಳು ಅಪ್ಪನ ಮನೆಗೆ ಬರುವ ಮುಂಚೆ ದೊಡ್ಡ ರಸ್ತೆಯಲ್ಲಿ ಇಳಿದೆ. ಹೇಳಿ ಕಟ್ಟಿಸಿದ್ದನ್ನು ಕಂಪನಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಶೋರೂಮಿನ ಅಂಕಲ್ ತೆಗೆದುಕೊಂಡರು. ಅವರ ತಮ್ಮ ವಿಡಿಯೊ ಎಡಿಟ್ ಮಾಡುತ್ತಾರೆ, ಅವರಿಗೆ ನಿಮ್ಮ ಪರದೆಯೂ ಬೇಕು, ನಿಮ್ಮ ಕಾರ್ಡೂ ಬೇಕು, ಅವರ ಮೇಜು ಎಲ್ಲಿಗೂ ಹೋಗುವುದಿಲ್ಲ. ಬದಲಿಗೆ ನಾನು ಕಾಲೇಜಿನ ಚೀಟಿಯಲ್ಲಿ ಇದ್ದದ್ದನ್ನೇ ತೆಗೆದುಕೊಂಡೆ. ವಾರವೆಲ್ಲ ಅದು ನನ್ನ ಬ್ಯಾಗಿನೊಳಗೇ ಇತ್ತು. ಚೀಟಿ ಕಳೆದುಹೋದರೂ ಅದರಲ್ಲಿದ್ದದ್ದು ನನಗೆ ಗೊತ್ತಿತ್ತು. ನೀವು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಸಾಧಾರಣ ಪರದೆ, ಒಳಗಿರುವ ಗ್ರಾಫಿಕ್ಸು. ಮೊದಲ ವರ್ಷ ನಾವು ಬಿಡಿಸುವುದು ಗೋಡೆ, ಬಾಗಿಲು, ಮೆಟ್ಟಿಲು. ಅದಕ್ಕೆ ಸಾಕು. ಅಮ್ಮಾ, 'ಸಾಕು' ಅಂದಿದ್ದು ಈ ಸಲ ನಾನೇ, ಬೇರೆ ಯಾರೂ ಅಲ್ಲ.

ಇದರಲ್ಲಿ ಆದ ನಷ್ಟ ನಿಮ್ಮಿಬ್ಬರದು. ಅರ್ಧರ್ಧ.

ಅಂಕಲ್ ಬಿಲ್ ಹರಿಯುತ್ತಾ "ನಿಮ್ಮಪ್ಪ ರಸ್ತೆ ಆಚೆಯಿಂದ ನೋಡಿದ್ರು, ನಿಮ್ಮಮ್ಮ ಮೂಗಿನ ಹತ್ರ ಇಟ್ಕೊಂಡು ನೋಡಿದ್ರು. ನೀನು ಹೇಗೆ ನೋಡ್ತೀಯಮ್ಮ?" ಎಂದು ನಕ್ಕರು. ನಾನು ಬ್ಯಾಗಿಗೆ ಹಾಕಿಕೊಂಡು ಅಂಗಡಿಯೊಳಗೆ ಎರಡು ಸುತ್ತು ನಡೆದು ನೋಡಿದೆ.

ನನಗೆ ಈಗ ಸಿಟ್ಟು ಬಂದಿದೆ, ತುಂಬಾ. ಬಂದಿಲ್ಲ ಎಂದುಕೊಂಡಿದ್ದೀರಿ, ಯಾಕೆಂದರೆ ನಾನು ಕಿರುಚುವುದಿಲ್ಲ. ಮನೆಯಲ್ಲಿ ಕಿರುಚಲು ಜಾಗ ಖಾಲಿ ಇದ್ದದ್ದೇ ಯಾವಾಗ? ಎರಡು ಮನೆ ಸೇರಿ ನನಗೆ ಎಲ್ಲವೂ ಎರಡೆರಡು ಇವೆ. ಎರಡು ದಿಂಬು, ಎರಡು ಬ್ರಷ್ಷು, ಎರಡು ದೀಪ, ಈಗ ಮೇಜು ಒಂದು ಕಡೆ, ಕುರ್ಚಿ ಒಂದು ಕಡೆ. ಮೇಜು ಇರುವಲ್ಲಿ ಒಳ್ಳೆಯ ಕುರ್ಚಿ ಇಲ್ಲ, ಕುರ್ಚಿ ಇರುವಲ್ಲಿ ಮೇಜು ಇಲ್ಲ. ನಡುವಿನ ಬಸ್ಸಿನಲ್ಲಿ ಮಾತ್ರ ನಾನು ಒಬ್ಬಳೇ. ಯಾವ ಪರದೆ ಎಂದು ಇಬ್ಬರೂ ನೋಡಿದಿರಿ. ಯಾವ ಕಾರ್ಡು ಎಂದು ನೋಡಿದಿರಿ. ಅಮ್ಮ ಬ್ಯಾಗಿನ ಪಟ್ಟಿ ಹೊಲಿದಳು, ಆದರೆ ಹೊಲಿದ ಮೇಲೆ ಅದೇ ಭಾರವನ್ನು ಮತ್ತೆ ಒಳಗೆ ಹಾಕಿದಳು. ಅಪ್ಪ ಬಸ್ ಸ್ಟಾಪಿನ ತನಕ ಬಂದ, ಟೇಪು ಕೈಯಲ್ಲಿ ಹಿಡಿದುಕೊಂಡು. ಬ್ಯಾಗು ಹಿಡಿಯಲಿಲ್ಲ.

ಹೊಸದಕ್ಕೆ ಚಾರ್ಜರು ಎರಡು ತೆಗೆದುಕೊಂಡಿದ್ದೇನೆ. ಒಂದು ಅಮ್ಮನ ಪ್ಲಗ್ಗಿಗೆ, ಒಂದು ಅಪ್ಪನ ಮೇಜಿಗೆ. ಆಗಸ್ಟಿನಲ್ಲಿ ಯಾವ ಮನೆ ಎಂದು ಕೇಳಬೇಡಿ. ಎರಡಕ್ಕೂ ಬರುತ್ತೇನೆ, ನನಗೆ ಬೇಕಾದಾಗ, ಶನಿವಾರವೇ ಎಂದೇನಿಲ್ಲ. ಅಮ್ಮನ ಮೇಲೆ ಸಿಟ್ಟು ಬಂದರೆ ಅಪ್ಪನ ಮನೆ, ಅಪ್ಪನ ಮೇಲೆ ಬಂದರೆ ಅಮ್ಮನ ಮನೆ. ಇಬ್ಬರ ಮೇಲೂ ಬಂದರೆ ಕಾಲೇಜಿನ ಲೈಬ್ರರಿ. ಇದನ್ನು ಬರೆಯುತ್ತಿರುವುದು ಲೈಬ್ರರಿಯಿಂದ.

ನಿಮಗೆ ಇನ್ನೂ ಬರೆದುಕೊಳ್ಳುವುದಿದ್ದರೆ ಬರೆದುಕೊಳ್ಳಿ. ಅಂಚೆ ಪೆಟ್ಟಿಗೆ ಎರಡು ಬೀದಿಯಲ್ಲೂ ಇದೆ, ಕೆಂಪಗೆ, ರಸ್ತೆಯಾಚೆಯಿಂದಲೂ ಕಾಣುತ್ತದೆ. ಈ ಕಾಗದವನ್ನು ತಂದುಕೊಟ್ಟವರು ಯಾರು ಎಂದು ನೆನಪು ಮಾಡಿಕೊಳ್ಳಿ. ಅಂಚೆಯವರು. ನಾನು ಹೊತ್ತು ತಂದಿಲ್ಲ.

ನಿಮ್ಮ,
ಮೆಣಸು